ಮಗುವಿನ ಮೈಮೇಲೆ ದದ್ದು: ಕಾರಣ ನಿನ್ನೆಯದೋ, ಹತ್ತು ದಿನ ಹಿಂದಿನದೋ? ‘ಅಲರ್ಜಿ’ ಎಂಬ ಪದ ಕೊಟ್ಟ ಡಾಕ್ಟರ್ ಪಿರ್ಕೆ ಕತೆ

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪ್ ಇರಲಿ, ಪೀಣ್ಯದ ವಠಾರದ ಗ್ರೂಪ್ ಇರಲಿ, ಎಲೆಕ್ಟ್ರಾನಿಕ್ ಸಿಟಿಯ ಶಾಲಾ ಪೋಷಕರ ಗ್ರೂಪ್ ಇರಲಿ, ಒಂದು ಫೋಟೊ ಆಗಾಗ ಬಂದೇ ಬರುತ್ತದೆ. ಮಗುವಿನ ಹೊಟ್ಟೆ ಅಥವಾ ತೋಳು. ಅದರ ಮೇಲೆ ಕೆಂಪು ಕೆಂಪು ದದ್ದು. ಇದೇನು ಅಂತ ಯಾರಿಗಾದರೂ ಗೊತ್ತಾ ಎಂಬ ಪ್ರಶ್ನೆ.

ಐದೇ ನಿಮಿಷದಲ್ಲಿ ಉತ್ತರಗಳ ಸುರಿಮಳೆ. ಒಬ್ಬರು ಪಿತ್ತದ ಗಂಧೆ ಎನ್ನುತ್ತಾರೆ. ಇನ್ನೊಬ್ಬರು ಉಷ್ಣ, ಎಳನೀರು ಕುಡಿಸಿ ಎನ್ನುತ್ತಾರೆ. ಮೂರನೆಯವರು ನಿನ್ನೆ ಬದನೆಕಾಯಿ ತಿನ್ನಿಸಿದ್ರಾ ಎಂದು ಕೇಳುತ್ತಾರೆ. ನಾಲ್ಕನೆಯವರು ಮೆಡಿಕಲ್ ಸ್ಟೋರ್‌ನ ಯಾವುದೋ ಮುಲಾಮಿನ ಫೋಟೊ ಹಾಕುತ್ತಾರೆ. ಕೊನೆಗೆ ಎಲ್ಲರೂ ಒಪ್ಪುವ ಒಂದು ಪದ ಬರುತ್ತದೆ: ಅಲರ್ಜಿ.

ಈ ಉತ್ತರಗಳಲ್ಲಿ ಕೆಲವು ಸರಿ ಇರಬಹುದು, ಕೆಲವು ತಪ್ಪಿರಬಹುದು. ಆದರೆ ಬಹುತೇಕ ಎಲ್ಲರೂ ನೋಡುವುದು ಇವತ್ತು ಅಥವಾ ನಿನ್ನೆ ಏನಾಯಿತು ಎಂಬುದನ್ನು ಮಾತ್ರ. ಹೋದ ವಾರ, ಅದರ ಹಿಂದಿನ ವಾರ ಏನಾಗಿತ್ತು ಎಂದು ಕೇಳುವವರು ಅಪರೂಪ.

ಆ ಪ್ರಶ್ನೆಯನ್ನು ಕೇಳಬೇಕು ಎಂದು ನೂರಿಪ್ಪತ್ತು ವರ್ಷಗಳ ಹಿಂದೆ ಮಕ್ಕಳ ವೈದ್ಯರೊಬ್ಬರು ತೋರಿಸಿಕೊಟ್ಟರು. ನಾವೆಲ್ಲ ದಿನಕ್ಕೆ ಹತ್ತು ಸಲ ಬಳಸುವ ಅಲರ್ಜಿ ಎಂಬ ಪದವನ್ನು ಹುಟ್ಟಿಸಿದವರೂ ಅವರೇ. ಹೆಸರು ಕ್ಲೆಮೆನ್ಸ್ ಫಾನ್ ಪಿರ್ಕೆ. ಊರು ಆಸ್ಟ್ರಿಯಾ ದೇಶದ ವಿಯೆನ್ನಾ.

ಪಾದ್ರಿಯಾಗಬೇಕಿದ್ದ ಹುಡುಗ

ಪಿರ್ಕೆ ಹುಟ್ಟಿದ್ದು 1874ರ ಮೇ 12ರಂದು, ಹಿರ್ಶ್‌ಸ್ಟೆಟನ್ ಎಂಬ ಊರಲ್ಲಿ. ಆಗ ಅದು ವಿಯೆನ್ನಾ ನಗರದ ಹೊರಗಿದ್ದ ಹಳ್ಳಿ. ಈಗ ಅದು ನಗರದ ಒಳಗೇ ಸೇರಿಹೋಗಿದೆ. ನಮ್ಮ ವೈಟ್‌ಫೀಲ್ಡ್ ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಆಮೇಲೆ ಬೆಂಗಳೂರಾದ ಹಾಗೆ.

ಮನೆತನ ದೊಡ್ಡದು, ಹೆಸರಿನ ಮುಂದೆ ಬ್ಯಾರನ್ ಎಂಬ ಬಿರುದು ಇತ್ತು. ತಮ್ಮ ಗೀಡೊ ಮುಂದೆ ರಾಕೆಟ್ ವಿಜ್ಞಾನದ ಮೊದಲಿಗರಲ್ಲಿ ಒಬ್ಬರಾದರು. ಕ್ಲೆಮೆನ್ಸ್ ಮಾತ್ರ ಮೊದಲು ಹೊರಟಿದ್ದು ಚರ್ಚಿನ ದಾರಿಯಲ್ಲಿ. ಇನ್ಸ್‌ಬ್ರುಕ್‌ನಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿದರು. ಬೆಲ್ಜಿಯಂನ ಲೂವೆನ್‌ನಲ್ಲಿ ತತ್ವಶಾಸ್ತ್ರ ಓದಿದರು. ಆಮೇಲೆ ಮನಸ್ಸು ಬದಲಾಗಿ ವೈದ್ಯಕೀಯಕ್ಕೆ ಸೇರಿದರು. 1900ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆಗಿ ಹೊರಬಂದರು.

ಕೆಲಸಕ್ಕೆ ಸೇರಿದ್ದು ವಿಯೆನ್ನಾದ ಮಕ್ಕಳ ಆಸ್ಪತ್ರೆಗೆ. ಅಲ್ಲಿ ಮುಖ್ಯಸ್ಥರಾಗಿ ಬಂದವರು ತಿಯೊಡೋರ್ ಎಶೆರಿಶ್. ನೀರಿನ ಪರೀಕ್ಷೆಯ ವರದಿಯಲ್ಲಿ ನೀವು ಇ-ಕೋಲೈ ಎಂಬ ಹೆಸರು ನೋಡಿರಬಹುದು. ಅದರಲ್ಲಿನ ಇ ಅಕ್ಷರ ನಿಂತಿರುವುದು ಇದೇ ಎಶೆರಿಶ್ ಹೆಸರಿಗೆ. ಅದೇ ಆಸ್ಪತ್ರೆಯಲ್ಲಿ ಹಂಗೇರಿಯಿಂದ ಬಂದಿದ್ದ ಬೇಲಾ ಶಿಕ್ ಎಂಬ ಇನ್ನೊಬ್ಬ ತರುಣ ವೈದ್ಯರಿದ್ದರು. ಪಿರ್ಕೆಗಿಂತ ಮೂರು ವರ್ಷ ಚಿಕ್ಕವರು. ಇಬ್ಬರೂ ಜೊತೆಯಾದರು.

ಜೀವ ಉಳಿಸಿದ ಮದ್ದು, ಆಮೇಲೆ ಬಂದ ದದ್ದು

ಆಗಿನ ಮಕ್ಕಳ ವಾರ್ಡುಗಳಲ್ಲಿ ಎರಡು ಕಾಯಿಲೆಗಳು ಯಮನ ಹಾಗೆ ಕಾಡುತ್ತಿದ್ದವು. ಒಂದು ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಇನ್ನೊಂದು ಸ್ಕಾರ್ಲೆಟ್ ಜ್ವರ, ಅಂದರೆ ಗಂಟಲು ನೋವಿನ ಜೊತೆ ಮೈಯೆಲ್ಲ ಕೆಂಪಾಗುವ ಸೋಂಕು. ಆ್ಯಂಟಿಬಯಾಟಿಕ್ ಇನ್ನೂ ಹುಟ್ಟಿರಲಿಲ್ಲ.

ಇದ್ದ ಹೊಸ ಅಸ್ತ್ರ ಸೀರಂ. ಕುದುರೆಗೆ ರೋಗಾಣುವಿನ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚುತ್ತಾ ಹೋದರೆ ಅದರ ರಕ್ತದಲ್ಲಿ ಆ ವಿಷವನ್ನು ಎದುರಿಸುವ ಅಂಶ ತಯಾರಾಗುತ್ತದೆ. ಆ ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಟ್ಟು ಉಳಿಯುವ ತಿಳಿಯಾದ ದ್ರವವೇ ಸೀರಂ. ಅದನ್ನು ಮಗುವಿಗೆ ಕೊಟ್ಟರೆ ಗಂಟಲಮಾರಿಯಿಂದ ಬದುಕಿಕೊಳ್ಳುವ ಸಾಧ್ಯತೆ ಎಷ್ಟೋ ಹೆಚ್ಚುತ್ತಿತ್ತು. ಇದರ ಹಿಂದಿನ ಕೆಲಸಕ್ಕಾಗಿ ಎಮಿಲ್ ಫಾನ್ ಬೇರಿಂಗ್ ಅವರಿಗೆ 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಬಂತು. ಸ್ಕಾರ್ಲೆಟ್ ಜ್ವರಕ್ಕೂ ವಿಯೆನ್ನಾದಲ್ಲಿ ಇಂಥದೇ ಸೀರಂ ಕೊಡುತ್ತಿದ್ದರು. ಅದೂ ಭಾರೀ ಪ್ರಮಾಣದಲ್ಲಿ, ಕೆಲವೊಮ್ಮೆ 200 ಮಿಲಿಲೀಟರ್‌ವರೆಗೆ.

ಸೀರಂ ಕೊಟ್ಟ ಮೇಲೆ ಮಗು ಚೇತರಿಸಿಕೊಳ್ಳುತ್ತಿತ್ತು. ಜ್ವರ ಇಳಿಯುತ್ತಿತ್ತು. ಇನ್ನೇನು ಮನೆಗೆ ಕಳಿಸಬಹುದು ಎನ್ನುವಷ್ಟರಲ್ಲಿ, ಎಂಟು ಹತ್ತು ದಿನಗಳ ನಂತರ, ಅದೇ ಮಗುವಿನ ಮೈಮೇಲೆ ತುರಿಸುವ ದದ್ದು ಏಳುತ್ತಿತ್ತು. ಮತ್ತೆ ಜ್ವರ. ಕುತ್ತಿಗೆ, ತೊಡೆಸಂದಿನ ಗ್ರಂಥಿಗಳು ಊದಿಕೊಳ್ಳುತ್ತಿದ್ದವು. ಕೀಲು ನೋವು, ಮುಖ ಬಾವು.

ಆ ವಾರ್ಡಿನಲ್ಲಿ ನಿಂತ ವೈದ್ಯರ ಕಷ್ಟ ಊಹಿಸಿಕೊಳ್ಳಿ. ಇದು ಹಳೆಯ ಜ್ವರವೇ ಮರುಕಳಿಸಿದ್ದೇ? ಪಕ್ಕದ ಹಾಸಿಗೆಯ ಮಗುವಿನಿಂದ ದಡಾರ ಅಂಟಿತೇ? ತಿಂದದ್ದು ಆಗಿಬರಲಿಲ್ಲವೇ? ತಪ್ಪು ಉತ್ತರ ಹಿಡಿದರೆ ಎರಡು ಅಪಾಯ. ಇಲ್ಲದ ಕಾಯಿಲೆಗೆ ಮದ್ದು ಕೊಡಬೇಕಾಗುತ್ತದೆ. ಇಲ್ಲವೇ ಜೀವ ಉಳಿಸುವ ಸೀರಂ ಮೇಲೆಯೇ ಜನರಿಗೆ ನಂಬಿಕೆ ಹೋಗುತ್ತದೆ.

ದಿನ ಎಣಿಸಿದವರು

ಪಿರ್ಕೆ ಮತ್ತು ಶಿಕ್ ಮಾಡಿದ್ದು ಕೇಳಲು ತೀರಾ ಸರಳ. ಪ್ರತಿ ಮಗುವಿನ ದಾಖಲೆ ಹಿಡಿದು ಕೂತರು. ಸೀರಂ ಕೊಟ್ಟಿದ್ದು ಯಾವ ದಿನ, ದದ್ದು ಬಂದದ್ದು ಯಾವ ದಿನ, ಈ ಮಗುವಿಗೆ ಮೊದಲು ಯಾವಾಗಲಾದರೂ ಸೀರಂ ಕೊಟ್ಟಿದ್ದಿದೆಯೇ ಎಂದು ನೋಡುತ್ತಾ ಹೋದರು.

ಲೆಕ್ಕ ಹಾಕಿದಾಗ ಒಂದು ಕ್ರಮ ಕಾಣಿಸಿತು. ಮೊದಲ ಸಲ ಸೀರಂ ಪಡೆದ ಮಕ್ಕಳಿಗೆ ದದ್ದು ಸಾಮಾನ್ಯವಾಗಿ 8ರಿಂದ 12 ದಿನಗಳ ನಡುವೆ ಬರುತ್ತಿತ್ತು. ಕಾಯಿಲೆ ಗಂಟಲಮಾರಿಯೇ ಆಗಿರಲಿ, ಸ್ಕಾರ್ಲೆಟ್ ಜ್ವರವೇ ಆಗಿರಲಿ, ಅಂತರ ಅದೇ. ಯಾವ ಮದ್ದಿನ ಅಂಶವೂ ಇಲ್ಲದ ಬರೀ ಕುದುರೆಯ ಸೀರಂ ಕೊಟ್ಟರೂ ದದ್ದು ಬರುತ್ತದೆ ಎಂಬುದು ಬೇರೆ ವೈದ್ಯರ ಕೆಲಸದಿಂದ ಗೊತ್ತಿತ್ತು. ಅಂದರೆ ಕಾರಣ ಕಾಯಿಲೆಯಲ್ಲ, ಕುದುರೆಯ ರಕ್ತದ ಪ್ರೋಟೀನು.

ನಿಜವಾದ ಸುಳಿವು ಸಿಕ್ಕಿದ್ದು ಎರಡನೇ ಸಲ ಸೀರಂ ಪಡೆದ ಮಕ್ಕಳಲ್ಲಿ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಅದೇ ಮಗುವಿಗೆ ಇನ್ನೊಮ್ಮೆ ಸೀರಂ ಕೊಟ್ಟರೆ ದದ್ದು ಎಂಟು ದಿನ ಕಾಯುತ್ತಿರಲಿಲ್ಲ. ಕೆಲವರಿಗೆ ಅದೇ ದಿನ, ಇನ್ನು ಕೆಲವರಿಗೆ ಕೆಲವೇ ದಿನಗಳಲ್ಲಿ ಬಂದುಬಿಡುತ್ತಿತ್ತು.

ಇದರಲ್ಲಿ ಅಷ್ಟು ದೊಡ್ಡದೇನಿದೆ ಅಂತೀರಾ? ಆ ಕಾಲದ ನಂಬಿಕೆಯ ಪ್ರಕಾರ ರೋಗ ಅಂಟಿದ ದಿನಕ್ಕೂ ಕಾಣಿಸಿಕೊಳ್ಳುವ ದಿನಕ್ಕೂ ನಡುವೆ ಅಂತರ ಇರುವುದು ರೋಗಾಣು ಮೈಯೊಳಗೆ ಬೆಳೆದು ದೊಡ್ಡ ಸೈನ್ಯ ಕಟ್ಟಲು ಹೊತ್ತು ಬೇಕಾದ್ದರಿಂದ. ಆದರೆ ಸೀರಂನಲ್ಲಿ ಜೀವಂತ ರೋಗಾಣುವೇ ಇಲ್ಲ. ಬೆಳೆಯುವುದಕ್ಕೆ ಅಲ್ಲೇನೂ ಇಲ್ಲ. ಹಾಗಿದ್ದರೂ ಎಂಟು ದಿನ ಯಾಕೆ?

ಪಿರ್ಕೆಯ ಉತ್ತರ ಹೀಗಿತ್ತು. ಆ ಎಂಟು ದಿನದಲ್ಲಿ ತಯಾರಿ ನಡೆಸುವುದು ಮಗುವಿನ ದೇಹ. ಹೊರಗಿನ ಪ್ರೋಟೀನನ್ನು ಕಂಡ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು, ಅಂದರೆ ಆ್ಯಂಟಿಬಾಡಿಗಳನ್ನು ತಯಾರಿಸುತ್ತದೆ. ಅವು ಸಾಕಷ್ಟು ತಯಾರಾದ ಹೊತ್ತಿಗೆ ಕುದುರೆಯ ಪ್ರೋಟೀನ್ ಇನ್ನೂ ರಕ್ತದಲ್ಲಿ ಉಳಿದಿರುತ್ತದೆ. ಇವೆರಡೂ ಸೇರಿದಾಗ ಆಗುವ ಗಲಾಟೆಯೇ ದದ್ದು, ಜ್ವರ, ಬಾವು. ಎರಡನೇ ಸಲ ಬೇಗ ಬರುವುದು ಯಾಕೆ? ದೇಹಕ್ಕೆ ಹಳೆಯ ನೆನಪಿರುವುದರಿಂದ.

ರೋಗ ತಡೆಯುವ ಶಕ್ತಿಯೇ ರೋಗವನ್ನೂ ತರಬಹುದು ಎಂಬುದು ಆಗ ಹೆಚ್ಚಿನವರು ಸುಲಭವಾಗಿ ಒಪ್ಪುವ ಮಾತಾಗಿರಲಿಲ್ಲ. ಪಿರ್ಕೆ 1903ರಲ್ಲಿ ತಮ್ಮ ವಿಚಾರವನ್ನು ಬರೆದು, ಲಕೋಟೆಗೆ ಹಾಕಿ, ಮುದ್ರೆ ಒತ್ತಿ ವಿಯೆನ್ನಾದ ವಿಜ್ಞಾನ ಅಕಾಡೆಮಿಗೆ ಕೊಟ್ಟರು. ಈ ಯೋಚನೆ ಇಂಥ ದಿನವೇ ತಮಗೆ ಹೊಳೆದಿತ್ತು ಎನ್ನುವುದಕ್ಕೆ ಅದು ಸಾಕ್ಷಿ. 1905ರಲ್ಲಿ ಶಿಕ್ ಜೊತೆಗೂಡಿ ಸೀರಂ ಕಾಯಿಲೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು.

ಅಲರ್ಜಿ ಎಂದರೆ ಮೊದಲು ಏನರ್ಥ ಇತ್ತು?

1906ರಲ್ಲಿ ಮ್ಯೂನಿಕ್‌ನ ಒಂದು ವೈದ್ಯಕೀಯ ವಾರಪತ್ರಿಕೆಯಲ್ಲಿ ಪಿರ್ಕೆ ಪುಟ್ಟ ಲೇಖನ ಬರೆದರು. ಹೊಸ ವಿಚಾರಕ್ಕೆ ಹೊಸ ಪದ ಬೇಕು ಎನ್ನುವುದು ಅವರ ವಾದ. ಗ್ರೀಕ್ ಭಾಷೆಯಲ್ಲಿ ಅಲ್ಲೋಸ್ ಎಂದರೆ ಬೇರೆ, ಎರ್ಗೋನ್ ಎಂದರೆ ಕೆಲಸ. ಎರಡನ್ನೂ ಸೇರಿಸಿ ಅಲರ್ಜಿ ಎಂದರು. ಒಂದು ವಸ್ತುವನ್ನು ಒಮ್ಮೆ ಕಂಡ ದೇಹ, ಎರಡನೇ ಸಲ ಕಂಡಾಗ ಬೇರೆ ರೀತಿ ವರ್ತಿಸುತ್ತದೆ. ಅಷ್ಟೇ ಅದರ ಅರ್ಥ.

ಬೇರೆ ರೀತಿ ಎಂದರೆ ಕೆಟ್ಟದ್ದೇ ಆಗಬೇಕಿರಲಿಲ್ಲ. ಇದಕ್ಕೆ ಪಿರ್ಕೆ ಅಧ್ಯಯನ ಮಾಡಿದ ಇನ್ನೊಂದು ಉದಾಹರಣೆ ಸಿಡುಬಿನ ದಾಕು. ನಿಮ್ಮ ಮನೆಯ ಅಜ್ಜ ಅಜ್ಜಿಯರ ತೋಳಿನಲ್ಲಿ ದೊಡ್ಡ ಗುಂಡಗಿನ ಗುರುತು ನೋಡಿದ್ದೀರಲ್ಲ, ಅದೇ ದಾಕು. ಮೊದಲ ಸಲ ಹಾಕಿದಾಗ ಅಲ್ಲಿ ಗುಳ್ಳೆ ಎದ್ದು ಬಲಿಯುವುದಕ್ಕೆ ಒಂದು ವಾರಕ್ಕೂ ಹೆಚ್ಚು ಬೇಕು. ವರ್ಷಗಳ ನಂತರ ಮತ್ತೆ ಹಾಕಿದರೆ ಒಂದೇ ದಿನದಲ್ಲಿ ಸಣ್ಣ ಕೆಂಪು ಗುಳ್ಳೆ ಎದ್ದು ಅಲ್ಲಿಗೇ ಮುಗಿಯುತ್ತದೆ. ಇಲ್ಲಿ ದೇಹದ ನೆನಪು ರಕ್ಷಣೆ ಕೊಟ್ಟಿತು. ಸೀರಂ ವಿಷಯದಲ್ಲಿ ಅದೇ ನೆನಪು ತೊಂದರೆ ಕೊಟ್ಟಿತು. ಎರಡನ್ನೂ ಪಿರ್ಕೆ ಒಂದೇ ಪದದ ಕೆಳಗೆ ಇಟ್ಟರು.

ಮುಂದೆ ಪದದ ಅರ್ಥ ಕಿರಿದಾಗುತ್ತಾ ಬಂತು. ಈಗ ಅಲರ್ಜಿ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ನಿರಪಾಯದ ವಸ್ತುವಿನ ಮೇಲೆ ತಿರುಗಿಬೀಳುವುದು. ಕಡಲೆಕಾಯಿ ತಿಂದ ಕೆಲವೇ ನಿಮಿಷಗಳಲ್ಲಿ ಕೆಲವರಿಗೆ ಗಂಧೆ ಏಳುವುದಕ್ಕೆ ಐಜಿಇ ಎಂಬ ಪ್ರತಿಕಾಯ ಕಾರಣ ಎಂದು 1960ರ ದಶಕದಲ್ಲಿ ಪತ್ತೆಯಾಯಿತು. ಪಿರ್ಕೆ ಅಧ್ಯಯನ ಮಾಡಿದ ಸೀರಂ ಕಾಯಿಲೆಯ ದಾರಿಯೇ ಬೇರೆ. ಅಲ್ಲಿ ಪ್ರತಿಕಾಯ ಮತ್ತು ಹೊರಗಿನ ಪ್ರೋಟೀನ್ ಅಂಟಿಕೊಂಡು ಸಣ್ಣ ರಕ್ತನಾಳಗಳ ಗೋಡೆಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಕ್ಷಯಕ್ಕೆ ಚರ್ಮದ ಸಾಕ್ಷಿ

ದೇಹಕ್ಕೆ ನೆನಪಿದೆ ಎಂದಾದರೆ ಆ ನೆನಪನ್ನು ಕೆದಕಿ ನೋಡಬಹುದಲ್ಲ? ಪಿರ್ಕೆಯ ಮುಂದಿನ ಹೆಜ್ಜೆ ಇದು.

ಕ್ಷಯದ ರೋಗಾಣುವಿನಿಂದ ತೆಗೆದ ಟ್ಯುಬರ್ಕ್ಯುಲಿನ್ ಎಂಬ ಸಾರವನ್ನು ರಾಬರ್ಟ್ ಕಾಕ್ 1890ರಲ್ಲಿ ಕ್ಷಯಕ್ಕೆ ಮದ್ದು ಎಂದು ಘೋಷಿಸಿದ್ದರು. ಮದ್ದಾಗಿ ಅದು ಸೋತಿತು. 1907ರಲ್ಲಿ ಪಿರ್ಕೆ ಅದರ ಹನಿಯನ್ನು ಮಕ್ಕಳ ತೋಳಿನ ಮೇಲೆ ಇಟ್ಟು ಚರ್ಮವನ್ನು ಸ್ವಲ್ಪವೇ ಕೆರೆದರು. ಕ್ಷಯದ ರೋಗಾಣುವನ್ನು ಮೊದಲೇ ಕಂಡಿದ್ದ ದೇಹವಾದರೆ ಒಂದೆರಡು ದಿನದಲ್ಲಿ ಅಲ್ಲಿ ಕೆಂಪು ಗಡ್ಡೆ ಏಳುತ್ತಿತ್ತು. ಕಾಣದ ದೇಹವಾದರೆ ಏನೂ ಆಗುತ್ತಿರಲಿಲ್ಲ. ಸೋತ ಮದ್ದು ಒಳ್ಳೆಯ ಪರೀಕ್ಷೆಯಾಯಿತು.

ಅದು ಹೊರಗೆಡವಿದ ಸಂಗತಿ ಗಾಬರಿ ಹುಟ್ಟಿಸುವಂಥದ್ದು. ವಿಯೆನ್ನಾದಲ್ಲಿ ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಿನವರ ಚರ್ಮ ಕೆಂಪಾಯಿತು. ನೋಡುವುದಕ್ಕೆ ಆರೋಗ್ಯವಾಗಿದ್ದ ಮಕ್ಕಳ ಮೈಯೊಳಗೂ ಕ್ಷಯದ ಸೋಂಕು ಸದ್ದಿಲ್ಲದೆ ಕೂತಿತ್ತು.

ಮರುವರ್ಷ ಫ್ರಾನ್ಸ್‌ನ ಶಾರ್ಲ್ ಮಾಂಟೂ ಇದೇ ಪರೀಕ್ಷೆಯನ್ನು ಸೂಜಿಯಿಂದ ಮಾಡುವ ವಿಧಾನಕ್ಕೆ ತಂದರು. ಮಗುವಿಗೆ ಟಿಬಿ ಇದೆಯೇ ಎಂಬ ಅನುಮಾನ ಬಂದಾಗ ಡಾಕ್ಟರು ಬರೆದುಕೊಡುವ ಮಾಂಟೂ ಟೆಸ್ಟ್ ಇದೇ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಹೇಗೆ ಹಬ್ಬುತ್ತದೆ ಎಂದು ಅಧ್ಯಯನ ಮಾಡಿದಾಗಲೂ ಟ್ಯುಬರ್ಕ್ಯುಲಿನ್ ಪರೀಕ್ಷೆಯನ್ನು ಬಳಸಿತು. ವಿಯೆನ್ನಾದ ವಾರ್ಡಿನಲ್ಲಿ ಹುಟ್ಟಿದ ಯೋಚನೆ ನಮ್ಮ ಹಳ್ಳಿಗಳ ಮಕ್ಕಳ ತೋಳಿನವರೆಗೂ ಬಂತು.

ಹಸಿದ ಮಕ್ಕಳ ಊಟ, ಕೊನೆಯ ದಿನಗಳು

ಹೆಸರು ಹಬ್ಬಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಪಿರ್ಕೆ ಅವರನ್ನು ಮಕ್ಕಳ ವೈದ್ಯಕೀಯದ ಪ್ರೊಫೆಸರ್ ಆಗಿ ಕರೆಸಿಕೊಂಡಿತು. ಅಲ್ಲಿ ಹೆಚ್ಚು ಕಾಲ ನಿಲ್ಲದೆ 1910ರಲ್ಲಿ ಬ್ರೆಸ್ಲಾವ್ ನಗರಕ್ಕೆ ಬಂದರು. ಎಶೆರಿಶ್ ತೀರಿಕೊಂಡ ಮೇಲೆ 1911ರಲ್ಲಿ ವಿಯೆನ್ನಾದ ಅದೇ ಮಕ್ಕಳ ಆಸ್ಪತ್ರೆಗೆ ಮುಖ್ಯಸ್ಥರಾಗಿ ಮರಳಿದರು.

ಮೊದಲನೇ ಮಹಾಯುದ್ಧ ಮುಗಿದಾಗ ಆಸ್ಟ್ರಿಯಾದ ಮಕ್ಕಳು ಹಸಿವಿನಿಂದ ಬಡಕಲಾಗಿದ್ದರು. ಅಮೆರಿಕದಿಂದ ಆಹಾರದ ನೆರವು ಬಂತು. ಅದನ್ನು ಮಕ್ಕಳಿಗೆ ಮುಟ್ಟಿಸುವ ಹೊಣೆ ಪಿರ್ಕೆ ಹೆಗಲಿಗೆ ಬಿತ್ತು. ಯಾವ ಮಗುವಿಗೆ ಊಟದ ಅಗತ್ಯ ಹೆಚ್ಚು ಎಂದು ಮುಖ ನೋಡಿ ಹೇಳುವ ಬದಲು ಇಲ್ಲೂ ಲೆಕ್ಕ ಹಿಡಿದರು. ಮಗುವಿನ ತೂಕ, ಕೂತಾಗಿನ ಎತ್ತರ ಎರಡನ್ನೂ ಅಳೆದು ಒಂದು ಸೂಚ್ಯಂಕ ಮಾಡಿದರು. ಒಂದು ಗ್ರಾಂ ಹಾಲಿನ ಪೋಷಣೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದ ಆಹಾರಗಳನ್ನು ಅಳೆದರು. ಅವರ ಈ ಅಳತೆ ಕ್ರಮ ಆಮೇಲೆ ಬಳಕೆಯಿಂದ ಬಿದ್ದುಹೋಯಿತು. ಆದರೆ ಆ ವರ್ಷಗಳಲ್ಲಿ ಲಕ್ಷಾಂತರ ಮಕ್ಕಳ ತಟ್ಟೆಗೆ ಬಿಸಿ ಊಟ ಬಿತ್ತು.

ಪಿರ್ಕೆ ಹೆಸರು ನೊಬೆಲ್‌ಗೆ ಹಲವು ಸಲ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. ದೇಶದ ಅಧ್ಯಕ್ಷ ಪದವಿಗೂ ಅವರ ಹೆಸರು ಕೇಳಿಬಂದಿತ್ತು. ಮಕ್ಕಳಿಗಾಗಿಯೇ ದುಡಿದ ಅವರಿಗೂ ಪತ್ನಿ ಮರಿಯಾಗೂ ಸ್ವಂತ ಮಕ್ಕಳಿರಲಿಲ್ಲ. 1929ರ ಫೆಬ್ರವರಿ 28ರಂದು, 54ನೇ ವಯಸ್ಸಿನಲ್ಲಿ, ಪತ್ನಿಯ ಜೊತೆಗೇ ಪಿರ್ಕೆ ಪ್ರಾಣ ಕಳೆದುಕೊಂಡರು. ಅದು ಆತ್ಮಹತ್ಯೆ. ಹೊರಗಿನಿಂದ ಎಲ್ಲವೂ ಚೆನ್ನಾಗಿದೆ ಎಂದು ಕಾಣುವವರ ಒಳಗೂ ನೋವಿರಬಹುದು. ನಿಮಗೋ ನಿಮ್ಮವರಿಗೋ ಅಂಥ ಯೋಚನೆ ಬಂದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಜೊತೆಗಾರ ಶಿಕ್ ಆಗಲೇ ಅಮೆರಿಕ ಸೇರಿದ್ದರು. ಗಂಟಲಮಾರಿ ತಗಲುವ ಅಪಾಯ ಯಾರಿಗಿದೆ ಎಂದು ಹೇಳುವ ಅವರ ಚರ್ಮದ ಪರೀಕ್ಷೆ ಜಗತ್ತಿನಲ್ಲೆಲ್ಲ ಬಳಕೆಯಾಯಿತು.

ಪಿರ್ಕೆಯ ಲೆಕ್ಕ ಇವತ್ತು ಪೀಣ್ಯದಲ್ಲಿ ಹೇಗೆ ಉಪಯೋಗ?

ಕುದುರೆಯ ಸೀರಂ ಹಳೇ ಕಾಲದ್ದು ಅಂದುಕೊಂಡಿರಾ? ಇಲ್ಲ. ಹಾವು ಕಚ್ಚಿದಾಗ ನಮ್ಮ ದೇಶದಲ್ಲಿ ಕೊಡುವ ವಿಷನಿರೋಧಕವನ್ನು ಇವತ್ತಿಗೂ ಕುದುರೆಯ ರಕ್ತದಿಂದಲೇ ಮಾಡುತ್ತಾರೆ. ಬೀದಿನಾಯಿ ಆಳವಾಗಿ ಕಚ್ಚಿದಾಗ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ರೇಬೀಸ್ ಸೀರಂ ಕೂಡ ಅನೇಕ ಕಡೆ ಕುದುರೆಯದೇ. ಈಗಿನದು ಹಿಂದಿನದಕ್ಕಿಂತ ಎಷ್ಟೋ ಶುದ್ಧ, ಹಾಗಾಗಿ ತೊಂದರೆ ಕಡಿಮೆ. ಆದರೂ ಕೆಲವು ಮಕ್ಕಳಿಗೆ ಒಂದು ಎರಡು ವಾರದ ನಂತರ ದದ್ದು, ಜ್ವರ, ಕೀಲು ನೋವು ಬರಬಹುದು. ನಾಯಿ ಕಚ್ಚಿದ್ದು ಹಳೇ ವಿಷಯ ಎಂದು ತಾಯಿ ಅದನ್ನು ಡಾಕ್ಟರಿಗೆ ಹೇಳುವುದೇ ಇಲ್ಲ. ಹೇಳಬೇಕು.

ಇದನ್ನು ಓದಿ ಸೀರಂ ಬೇಡ ಎನ್ನಬೇಡಿ. ರೇಬೀಸ್ ಲಕ್ಷಣ ಶುರುವಾದರೆ ಉಳಿಯುವುದು ಹೆಚ್ಚುಕಡಿಮೆ ಅಸಾಧ್ಯ. ಸೀರಂ ದದ್ದಿಗೆ ಚಿಕಿತ್ಸೆ ಇದೆ.

ಆ್ಯಂಟಿಬಯಾಟಿಕ್‌ಗಳ ವಿಷಯವೂ ಹೀಗೆಯೇ. ಕೆಲವು ಮಕ್ಕಳಿಗೆ ಮದ್ದು ಶುರು ಮಾಡಿ ಒಂದು ವಾರ ಕಳೆದ ಮೇಲೆ, ಕೆಲವೊಮ್ಮೆ ಕೋರ್ಸ್ ಮುಗಿದ ಮೇಲೂ ದದ್ದು ಬರುತ್ತದೆ. ಇದರ ತಿರುಗುಮುರುಗು ಕೂಡ ನಿಜ. ಮಕ್ಕಳಲ್ಲಿ ವೈರಸ್ ಸೋಂಕೇ ದದ್ದು ತರುತ್ತದೆ, ಅದೇ ಹೊತ್ತಿಗೆ ಮದ್ದು ನಡೆಯುತ್ತಿರುತ್ತದೆ, ತಪ್ಪು ಮದ್ದಿನ ತಲೆಗೆ ಬರುತ್ತದೆ. ಪೆನ್ಸಿಲಿನ್ ಅಲರ್ಜಿ ಎಂಬ ಹಣೆಪಟ್ಟಿ ಹೊತ್ತವರನ್ನು ತಜ್ಞರು ಪರೀಕ್ಷಿಸಿದಾಗ ಸುಮಾರು 90%ರಷ್ಟು ಜನರಿಗೆ ಆ ಅಲರ್ಜಿ ಇರುವುದಿಲ್ಲ. ಹಾಗಂತ ನೀವೇ ಮನೆಯಲ್ಲಿ ಮತ್ತೆ ಕೊಟ್ಟು ನೋಡಬೇಡಿ. ಅದು ಡಾಕ್ಟರ ಕೆಲಸ.

ಮುಟ್ಟಿದ್ದರಿಂದ ಬರುವ ಅಲರ್ಜಿಗೂ ಸಮಯದ ಅಂತರ ಇದೆ. ಗಿಲೀಟಿನ ಓಲೆ, ಬೆಲ್ಟಿನ ಬಕಲ್, ಪ್ಯಾಂಟಿನ ಗುಂಡಿಯಲ್ಲಿರುವ ನಿಕ್ಕಲ್ ಆಗದ ಮಗುವಿಗೆ ಅದನ್ನು ಹಾಕಿದ ಒಂದೆರಡು ದಿನದ ನಂತರ ಅದೇ ಜಾಗದಲ್ಲಿ ತುರಿಕೆ ಏಳುತ್ತದೆ. ನಮ್ಮ ಖಾಲಿ ಸೈಟುಗಳಲ್ಲಿ, ಕೆರೆಯಂಚಿನಲ್ಲಿ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಇದೇ ಗುಂಪಿಗೆ ಸೇರಿದ್ದು. ಅದರ ಕಾಟ ಹೊರಗೆ ದುಡಿಯುವ ದೊಡ್ಡವರಿಗೇ ಹೆಚ್ಚು. ಮುಖ, ಕುತ್ತಿಗೆ, ಮೊಣಕೈಯಂಥ ತೆರೆದ ಜಾಗಗಳಲ್ಲಿ ಚರ್ಮ ಕೆಂಪಾಗಿ ದಪ್ಪವಾಗುತ್ತದೆ. ಈ ಗಿಡವನ್ನು ತಿಂದು ಹಾಕಲೆಂದು ಮೆಕ್ಸಿಕೋ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಜೀರುಂಡೆ ಇದೆ, ಗಿಡವೂ ಇದೆ.

ಇನ್ನು ಅಂಟುರೋಗಗಳು. ದಡಾರ ಅಂಟಿದ ಮೇಲೆ ದದ್ದು ಕಾಣುವುದಕ್ಕೆ ಸುಮಾರು ಎರಡು ವಾರ ಬೇಕು. ಚಿಕನ್‌ಪಾಕ್ಸ್‌ಗೆ 10ರಿಂದ 21 ದಿನ. ಇವತ್ತು ದದ್ದು ಬಂದಿದ್ದರೆ ಎರಡು ವಾರದ ಹಿಂದಿನ ಮದುವೆಮನೆಯನ್ನೋ ಬಸ್ ಪ್ರಯಾಣವನ್ನೋ ನೆನಪಿಸಿಕೊಳ್ಳಬೇಕು. ಅಮ್ಮ ಬಂದಿದೆ ಎಂದು ಬೇವಿನ ಸೊಪ್ಪು ಕಟ್ಟಿ ಸುಮ್ಮನಿದ್ದರೆ ಸಾಲದು. ದಡಾರ ಇರುವ ಮಗು ದದ್ದು ಏಳುವ ನಾಲ್ಕು ದಿನ ಮೊದಲಿನಿಂದಲೇ ಬೇರೆಯವರಿಗೆ ಅಂಟಿಸುತ್ತಿರುತ್ತದೆ. ಅದಕ್ಕೆ ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಡಾಕ್ಟರ ಬಳಿ ಹೋಗುವ ಮುನ್ನ ಇಷ್ಟು ಬರೆದಿಟ್ಟುಕೊಳ್ಳಿ

1. ದದ್ದು ಮೊದಲು ಕಂಡಿದ್ದು ಯಾವ ದಿನ, ಮೈಯ ಯಾವ ಜಾಗದಲ್ಲಿ, ಆಮೇಲೆ ಎಲ್ಲಿಗೆ ಹರಡಿತು.
2. ಜ್ವರ ಇದೆಯೇ, ದದ್ದಿಗಿಂತ ಮೊದಲೇ ಬಂತೇ.
3. ಹಿಂದಿನ ಮೂರು ವಾರದಲ್ಲಿ ಕೊಟ್ಟ ಎಲ್ಲ ಮದ್ದು, ಲಸಿಕೆ, ಇಂಜೆಕ್ಷನ್, ನಾಟಿ ಔಷಧಿ. ಚೀಟಿ ಅಥವಾ ಸ್ಟ್ರಿಪ್ ಇದ್ದರೆ ತೆಗೆದುಕೊಂಡು ಹೋಗಿ.
4. ನಾಯಿ, ಹಾವು, ಹುಳು ಕಚ್ಚಿದ್ದು.
5. ಹೊಸ ಬಟ್ಟೆ, ಒಡವೆ, ಸೋಪು, ಕ್ರೀಮು.
6. ಇದೇ ವಸ್ತುವಿನಿಂದ ಹಿಂದೆ ಎಂದಾದರೂ ಹೀಗಾಗಿತ್ತೇ.
7. ಮನೆಯಲ್ಲಿ, ಶಾಲೆಯಲ್ಲಿ ಬೇರೆ ಯಾರಿಗಾದರೂ ಇದೆಯೇ. ರಾತ್ರಿ ತುರಿಕೆ ಹೆಚ್ಚಾಗಿ ಮನೆಮಂದಿಗೆಲ್ಲ ಇದ್ದರೆ ಅದು ಅಲರ್ಜಿಗಿಂತ ಕಜ್ಜಿ ಆಗಿರುವ ಸಾಧ್ಯತೆ ಹೆಚ್ಚು.

ದದ್ದಿನ ಫೋಟೊವನ್ನು ದಿನಕ್ಕೊಂದರಂತೆ ತೆಗೆದಿಡಿ. ಗಂಧೆ ಕೆಲವೇ ಗಂಟೆಗಳಲ್ಲಿ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ, ಡಾಕ್ಟರ ಮುಂದೆ ಹೋದಾಗ ಏನೂ ಇರುವುದಿಲ್ಲ.

ಇವುಗಳನ್ನು ಕಂಡರೆ ಬರೆಯುತ್ತಾ ಕೂರಬೇಡಿ, ಹೊರಡಿ

ತುಟಿ, ನಾಲಿಗೆ ಊದಿಕೊಳ್ಳುವುದು, ಉಸಿರಾಟಕ್ಕೆ ಕಷ್ಟ, ಮಗು ತೀರಾ ಸುಸ್ತಾಗಿ ಕಣ್ಣು ಮುಚ್ಚುವುದು. ಜ್ವರದ ಜೊತೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದು, ಗಾಜಿನ ಲೋಟ ಒತ್ತಿ ನೋಡಿದರೂ ಬಣ್ಣ ಮಾಸದಿರುವುದು. ಬಾಯೊಳಗೆ, ಕಣ್ಣಲ್ಲಿ ಹುಣ್ಣಾಗಿ ಚರ್ಮ ಸುಲಿಯುವುದು. ಹೀಗಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಅಥವಾ 108ಕ್ಕೆ ಕರೆ ಮಾಡಿ. ಐದು ದಿನ ಕಳೆದರೂ ಇಳಿಯದ ಜ್ವರ, ಜೊತೆಗೆ ಕೆಂಪು ಕಣ್ಣು, ಒಡೆದ ತುಟಿ ಇದ್ದರೂ ಅವತ್ತೇ ತೋರಿಸಬೇಕು.

ಫಾರ್ವರ್ಡ್‌ಗಳ ಬಗ್ಗೆ ಎರಡು ಮಾತು

2022ರಲ್ಲಿ ಕೇರಳದಿಂದ ಟೊಮೇಟೊ ಜ್ವರ ಎಂಬ ಸುದ್ದಿ ಬಂದು ಎಷ್ಟೋ ಪೋಷಕರು ಗಾಬರಿಯಾದರು. ಗುಳ್ಳೆ ಕೆಂಪಗೆ ಗುಂಡಗೆ ಇದ್ದದ್ದಕ್ಕೆ ಆ ಹೆಸರು. ಟೊಮೇಟೊ ಹಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಎಬ್ಬಿಸುವ ಒಂದು ವೈರಸ್ ಅದಕ್ಕೆ ಕಾರಣ ಎಂಬುದಕ್ಕೆ ಪರೀಕ್ಷೆಗಳಲ್ಲಿ ಪುರಾವೆ ಸಿಕ್ಕಿತು.

ಒಂದು ಹನಿ ರಕ್ತದಲ್ಲಿ ನೂರು ಆಹಾರಗಳ ಅಲರ್ಜಿ ಹೇಳುತ್ತೇವೆ ಎನ್ನುವ ಐಜಿಜಿ ಪರೀಕ್ಷೆಗಳ ಜಾಹೀರಾತನ್ನೂ ನಂಬಬೇಡಿ. ನೀವು ತಿನ್ನುವ ಆಹಾರವನ್ನು ದೇಹ ಕಂಡಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದನ್ನು ನಂಬಿ ಹಾಲು, ಮೊಟ್ಟೆ, ಗೋಧಿ ಎಲ್ಲ ನಿಲ್ಲಿಸಿದರೆ ಮಗು ಸೊರಗುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳ ಬಗ್ಗೆಯೂ ಎಚ್ಚರ. ಅವುಗಳಲ್ಲಿ ಎಷ್ಟೋ ಸಲ ಗಟ್ಟಿ ಸ್ಟೀರಾಯ್ಡ್ ಇರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಅದು ಇನ್ನಷ್ಟು ಅಗಲವಾಗಿ ಹಬ್ಬುತ್ತದೆ. ಡಾಕ್ಟರಿಗೆ ಗುರುತು ಹಿಡಿಯುವುದೂ ಕಷ್ಟವಾಗುತ್ತದೆ.

ಪಿರ್ಕೆ ಬಳಿ ರಕ್ತಪರೀಕ್ಷೆಯ ದೊಡ್ಡ ಯಂತ್ರಗಳಿರಲಿಲ್ಲ. ಮಗುವಿನ ಹಾಸಿಗೆಯ ಪಕ್ಕದಲ್ಲಿ ಸರಿಯಾಗಿ ಬರೆದಿಟ್ಟ ತಾರೀಕುಗಳಿದ್ದವು. ನಿಮ್ಮ ಫೋನಿನಲ್ಲಿ ಕ್ಯಾಲೆಂಡರ್ ಇದೆ, ಕ್ಯಾಮೆರಾ ಇದೆ. ಮುಂದಿನ ಸಲ ಗ್ರೂಪಿನಲ್ಲಿ ದದ್ದಿನ ಫೋಟೊ ಬಂದರೆ ಮದ್ದಿನ ಹೆಸರು ಹಾಕಬೇಡಿ. ಮೂರು ವಾರದ ಲೆಕ್ಕ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ ಎಂದು ಹೇಳಿ. ಈ ಲೇಖನವನ್ನೂ ಬೇಕಾದರೆ ಕಳಿಸಿ.